ಕನ್ನಡಿಯ ಎದುರಿನ ಮೂರನೆಯ ಕಂಬ

ಆಗ ನನಗೆ ಅರವತ್ತೆಂಟು. ಅದಾಗಿ ಮೂರು ವರ್ಷವಾಯಿತು. ಮೊಣಕಾಲು ಆಗಲೇ ಕೆಟ್ಟಿತ್ತು. ಆದರೂ ಲೈಟ್ ಹಿಡಿಯಲು ಹೋಗುತ್ತಿದ್ದೆ.

ನನ್ನ ಚಿಕ್ಕ ಮಗಳು ಮದುವೆಯ ಫೋಟೋ ತೆಗೆಯುವವಳು. ಮೊದಮೊದಲು ಅವಳ ಬ್ಯಾಗು ಕಾಯಲು ಜೊತೆಗೆ ಹೋಗುತ್ತಿದ್ದೆ. ಲೈಟ್ ಹಿಡಿಯುವವನಿಗೆ ವಡಪಳನಿಯ ಸ್ಟುಡಿಯೋದಲ್ಲಿ ಸೀರಿಯಲ್ ಕೆಲಸ ಸಿಕ್ಕಿತು, ಹೋದ. ಇನ್ನೊಬ್ಬ ಸಿಗುವ ತನಕ ಎಂದು ನಾನು ಹಿಡಿದೆ. ಇನ್ನೊಬ್ಬ ಸಿಗಲೇ ಇಲ್ಲ. ಕೋಲಿನ ತುದಿಯಲ್ಲಿ ಲೈಟು, ಅದರ ಮುಂದೆ ಬಿಳಿ ಬಟ್ಟೆಯ ಪೆಟ್ಟಿಗೆ, ಕೆಳಗೆ ಮೂರು ಕಾಲು. ಜನ ತಳ್ಳಿ ಬೀಳಿಸದ ಹಾಗೆ ಕೋಲನ್ನು ಹಿಡಿದು ನಿಲ್ಲಬೇಕು. ಮಗಳು ಬೆರಳು ಎತ್ತಿದರೆ ಎತ್ತಬೇಕು, ಇಳಿಸಿದರೆ ಇಳಿಸಬೇಕು. ಮದುಮಗಳನ್ನು ನೋಡಬಾರದು, ಮಗಳ ಕೈಯನ್ನೇ ನೋಡಬೇಕು. ನಾನು ಓದಿದ್ದು ಮೂರನೆಯ ಕ್ಲಾಸು. ಈ ಕೆಲಸಕ್ಕೆ ಅದೂ ಬೇಡ.

ನಮ್ಮ ಯಜಮಾನರು ಉಡುಪಿ ಕಡೆಯಿಂದ ಬಂದು ಮದ್ರಾಸಿನಲ್ಲಿ ಸಾಯುವ ತನಕ ಸಾಂಬಾರು ಕುದಿಸಿದವರು. ನಮಗೆ ಹೋಟೆಲೆಂದರೆ ಹಬೆ, ಎಣ್ಣೆ, ಒದ್ದೆ ನೆಲ. ಈಗ ಹೇಳುವ ಮದುವೆ ನಡೆದದ್ದು ಬೇರೆ ನಮೂನೆಯ ಹೋಟೆಲಿನಲ್ಲಿ. ಬಿಳಿಯರ ಕಾಲದ್ದು. ಅವರು ಗಂಡುಹೆಣ್ಣು ಕೂಡಿ ಕುಣಿಯುತ್ತಿದ್ದ ದೊಡ್ಡ ಹಾಲ್ ಈಗ ಮದುವೆಗೆ ಬಾಡಿಗೆ. ತೇಗದ ಹಲಗೆಯ ನೆಲ, ಎರಡು ಸಾಲು ಕಂಬ, ಚಾವಣಿಯಿಂದ ತೂಗುವ ಗಾಜಿನ ದೀಪ. ಮಂಟಪದ ಹಿಂದಿನ ಗೋಡೆಯ ತುಂಬ ಒಂದೇ ಕನ್ನಡಿ, ಚಿನ್ನದ ಬಣ್ಣದ ಕಟ್ಟು, ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಹಿಡಿದಿತ್ತು.

ಕಪ್ಪು ಕೋಟಿನ ಮ್ಯಾನೇಜರು ಬಾಗಿಲಲ್ಲೇ ತಮಿಳಿನಲ್ಲಿ ಪಾಠ ಒಪ್ಪಿಸಿದ. ಮೊಳೆ ಹೊಡೆಯಬಾರದು, ಟೇಪು ಅಂಟಿಸಬಾರದು, ಕನ್ನಡಿಯ ಮೇಲೆ ಬಟ್ಟೆ ಹಾಕಬಾರದು, ನೆಲಕ್ಕೆ ಗೀರು ಬೀಳಬಾರದು. ನಾನು ಹಳೆಯ ಸೀರೆಯ ತುಂಡುಗಳನ್ನು ತಂದಿದ್ದೆ. ಲೈಟಿನ ಮೂರು ಕಾಲಿಗೂ ಸುತ್ತಿ ಕಟ್ಟಿದೆ. ಅವನು ಬಗ್ಗಿ ಪ್ರತಿ ಗಂಟನ್ನೂ ನೋಡಿದ.

ಮಗಳಿಗೆ ಇಂಥ ಜಾಗದಲ್ಲಿ ಅದೇ ಮೊದಲ ಮದುವೆ. ಬೆಳಿಗ್ಗೆಯಿಂದ ನೀರು ಕುಡಿದದ್ದು ಬಿಟ್ಟರೆ ಏನೂ ತಿಂದಿರಲಿಲ್ಲ. ಮಹಡಿಯ ಕೋಣೆಯಲ್ಲಿ ಮದುಮಗಳಿಗೆ ಅಲಂಕಾರ ಮಾಡುವುದನ್ನು ತೆಗೆಯಲು ಹೋದವಳು ಇನ್ನೂ ಬಿಳಿಚಿದ ಮುಖ ಹೊತ್ತು ಇಳಿದು ಬಂದಳು.

"ಅಮ್ಮಾ, ಹುಡುಗಿ ಒಂದು ಕೇಳಿದ್ದಾಳೆ. ತಾಳಿ ಕಟ್ಟುವ ಫೋಟೋದಲ್ಲಿ ಅವಳ ಅಮ್ಮ ಇರ್ಬೇಕಂತೆ."

"ಇರ್ಲಿ. ಅದಕ್ಕೆಂತ?"

"ಅವಳಿಗೆ ಅಪ್ಪ ಇಲ್ಲ. ಅಮ್ಮ ಮುಹೂರ್ತಕ್ಕೆ ಕೆಳಗೇ ಬರುದಿಲ್ಲಂತೆ."

ನನಗೆ ಅರ್ಥವಾಯಿತು. ಅವರು ಮೈಸೂರು ಕಡೆಯವರು, ಕ್ರೋಂಪೇಟೆಯಲ್ಲಿ ಮನೆ. ಹುಡುಗಿಯ ಅಪ್ಪ ರೈಲ್ವೆಯಲ್ಲಿದ್ದವರು, ಬೇಗ ಹೋದರು. ದೊಡ್ಡಪ್ಪನೇ ಎತ್ತಿ ಸಾಕಿದರು, ಧಾರೆ ಎರೆಯುವವರೂ ದೊಡ್ಡಪ್ಪ ದೊಡ್ಡಮ್ಮನೇ. ಬೆಳಿಗ್ಗೆ ದೊಡ್ಡಪ್ಪ ತಮ್ಮನ ಹೆಂಡತಿಗೆ ಹೇಳಿದ್ದನ್ನು ನಾನೇ ಮೆಟ್ಟಿಲ ಹತ್ತಿರ ಕೇಳಿದ್ದೆ: "ನೀನು ಮೇಲೆ ರೂಮಲ್ಲಿ ಒಡವೆ ಚೀಲ ನೋಡ್ಕೊಂಡಿರಮ್ಮ. ಹೋಟ್ಲು, ಯಾರನ್ನ ನಂಬೋದು?" ಈಗ ಮುಂಡೆ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ಕೈಗೊಂದು ಕೆಲಸ ಕೊಡುತ್ತಾರೆ. ನನ್ನ ದೊಡ್ಡ ಮಗಳ ಮದುವೆಯಲ್ಲಿ ನನಗೆ ಉಗ್ರಾಣದ ಬೀಗದ ಕೈ ಕೊಟ್ಟಿದ್ದರು. ಆ ಆಲ್ಬಮ್ಮಿನಲ್ಲಿ ನಾನು ಊಟದ ಎಲೆಯ ಮುಂದೆ ಮಾತ್ರ ಇದ್ದೇನೆ.

"ಕಂಪ್ಯೂಟರಲ್ಲಿ ಸತ್ತವರನ್ನೇ ಪಕ್ಕದಲ್ಲಿ ಕೂರಿಸ್ತಿ. ಇವರನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ವಾ?"

"ಅಂಟಿಸಿದ್ದು ಬೇಡಂತೆ. ನಿಜವಾಗಿ ಅಲ್ಲಿ ಇರ್ಬೇಕಂತೆ."

ಮಗಳು ಹಾಲಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದಳು. ಕ್ಯಾಮೆರಾ ಕಣ್ಣಿಗಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕನ್ನಡಿ ಅವಳಿಗೆ ಬೆಳಿಗ್ಗೆಯಿಂದ ಶತ್ರುವಾಗಿತ್ತು. ಎಲ್ಲಿ ನಿಂತರೂ ಅದರೊಳಗೆ ಏನಾದರೊಂದು ಬೇಡದ್ದು ಕಾಣುತ್ತಿತ್ತು. ಈಗ ಅದರ ಎದುರಿಗೆ, ಹಾಲಿನ ಎಡಗಡೆ ನಿಂತು ಕರೆದಳು.

"ಅಮ್ಮಾ, ಬಲಗಡೆ ಮೂರನೇ ಕಂಬದ ಹತ್ರ ಹೋಗು. ಇನ್ನೂ ಕೊಂಜಂ ಮುಂದೆ. ಅಲ್ಲೇ ನಿಲ್ಲು. ಇಲ್ಲಿಂದ ತೆಗೆದ್ರೆ ಕನ್ನಡಿಯೊಳಗೆ ನೀನು ಕಾಣ್ತಿ. ಅವರು ಅಲ್ಲಿ ನಿಂತ್ರೆ ಸಾಕು. ಮಂಟಪಕ್ಕೆ ಬರುದೇ ಬೇಡ. ಹುಡುಗಿಯ ತಲೆ ಹಿಂದೆ ಅವರ ಮುಖ ಬರ್ತದೆ."

"ನಾನೂ ಅಲ್ಲೇ ಲೈಟ್ ಹಿಡಿದು ನಿಂತಿರ್ತೇನೆ. ನನ್ನ ಮುಖವೂ ಬರ್ತದೆ."

"ನಿನ್ನನ್ನು ಆಮೇಲೆ ಅಳಿಸ್ತೇನೆ."

ಒಳ್ಳೆಯದಾಯಿತು ಎಂದೆ.

ಮಹಡಿ ಹತ್ತುವುದು ನನ್ನ ಪಾಲಿಗೆ ಬಂತು. ಮರದ ಮೆಟ್ಟಿಲು, ನಡುವೆ ಸವೆದು ಜಾರುತ್ತಿತ್ತು. ಕೆಳಗೆ ಪುರೋಹಿತರು ಮಂತ್ರ ಶುರು ಮಾಡಿದ್ದರು. ಮೇಲೆ ಹೋದರೆ ಆಕೆ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಕಂದು ಬಣ್ಣದ ರೇಷ್ಮೆ ಸೀರೆ, ತೊಡೆಯ ಮೇಲೆ ಚೀಲ. ನನಗಿಂತ ಹದಿನೈದು ವರ್ಷ ಚಿಕ್ಕವಳಿರಬೇಕು. ನಾನು ಬಂದ ವಿಷಯ ಹೇಳಿದೆ.

"ಅಯ್ಯೋ ಬೇಡ ಕಣ್ರೀ. ಒಳ್ಳೇ ಘಳಿಗೆ. ನಾನ್ಯಾಕೆ ಎದುರಿಗೆ ಬರ್ಲಿ?"

"ಎದುರಿಗೆ ಯಾರು ಕರೆದ್ರು? ದೂರದಲ್ಲಿ ಕಂಬದ ಹತ್ರ ನಿಲ್ಲಿ."

"ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನನ್ನ ಮಗು ಬಾಳು ಕಣ್ರೀ ಅದು."

"ನಾನೂ ನಿಮ್ಮ ಹಾಗೆಯೇ. ಬೆಳಿಗ್ಗೆಯಿಂದ ಮಂಟಪದ ಬುಡದಲ್ಲೇ ಇದ್ದೇನೆ. ತಲೆಯ ಮೇಲೆ ಅಷ್ಟು ದೊಡ್ಡ ಗಾಜಿನ ದೀಪ ಉಂಟು. ಬಿತ್ತಾ?"

ಆಕೆ ನನ್ನ ಹಣೆಯನ್ನು ಆಗ ನೋಡಿದಳು. "ಲೈಟ್ ಹಿಡಿಯೋರನ್ನ ಯಾರು ನೋಡ್ತಾರೆ?" ಎಂದಳು.

"ಅದೇ. ನನ್ನ ಪಕ್ಕ ನಿಂತ್ರೆ ನಿಮ್ಮನ್ನೂ ಯಾರೂ ನೋಡುದಿಲ್ಲ."

"ಒಡವೆ?"

"ಚೀಲ ತಗೊಂಡೇ ಬನ್ನಿ. ಬ್ಯಾಂಕು ನೀವೇ ಅಲ್ವಾ?"

ನಗಲಿಲ್ಲ. ಆದರೆ ಎದ್ದಳು.

ಬಾಯಲ್ಲಿ ದೊಡ್ಡ ಮಾತು ಆಡಿದ್ದೆ. ಮೆಟ್ಟಿಲು ಇಳಿಯುವಾಗ ಲೆಕ್ಕ ಹಾಕಿದೆ. ಆ ಹುಡುಗಿ ಕೇಳಿದ್ದು ಒಂದೇ ಫೋಟೋ. ತಾಳಿ ಕಟ್ಟುವುದು ಎರಡು ಸಲ ಆಗುವುದಿಲ್ಲ. ತಪ್ಪಿದರೆ ತಪ್ಪಿತು. ಆ ದೊಡ್ಡಪ್ಪ ಗಲಾಟೆ ಮಾಡಿದರೆ ನನ್ನ ಮಗಳು ಇನ್ನು ಈ ಹೋಟೆಲಿನ ಮೆಟ್ಟಿಲು ಹತ್ತುವ ಹಾಗಿಲ್ಲ.

ಕಂಬದ ಹತ್ತಿರ ನಿಂತೆವು. ಆಕೆ ನಿಲ್ಲುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು. ನಾನು ಸೆರಗು ಹಿಡಿದು ಮುಂದಕ್ಕೆ ಎಳೆಯುವುದು. ಎಡಗಡೆಯಿಂದ ಮಗಳು ಬೆರಳಿನಲ್ಲಿ ಮುಂದೆ, ಮುಂದೆ ಎನ್ನುತ್ತಿದ್ದಳು. ಮತ್ತೆ ಸರಿದರೆ ಕಂಬದ ಹಿಂದೆ, ಕನ್ನಡಿಯಿಂದ ಹೊರಗೆ. ಮದುಮಗಳು ತಲೆ ಬಗ್ಗಿಸಿ ಕುಳಿತಿದ್ದಳು. ಕಣ್ಣು ಮಾತ್ರ ಎತ್ತಿ ಎತ್ತಿ ಹುಡುಕುತ್ತಿತ್ತು.

ಅಷ್ಟರಲ್ಲಿ ದೊಡ್ಡಪ್ಪ ಪಂಚೆ ಎತ್ತಿಕಟ್ಟಿಕೊಂಡು ನಮ್ಮ ಕಡೆಗೇ ಬಂದರು.

"ಏನಮ್ಮ, ರೂಮ್ ಬಿಟ್ಟು ಬಂದ್ಬಿಟ್ಯಾ?"

ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನನಗೆ ಸುಲಭವಿತ್ತು. ಆಕೆ ಆಗಲೇ ತಿರುಗಿದ್ದಳು. "ಇಲ್ಲ ಭಾವ, ಹೋದೆ" ಎಂದಳು.

"ನಾನೇ ಕರೆದದ್ದು" ಎಂದೆ. "ಈ ಲೈಟಿನ ವಯರು ನೋಡಿ, ದಾರಿಯಲ್ಲೇ ಉಂಟು. ಅಕ್ಷತೆ ಹಾಕ್ಲಿಕ್ಕೆ ಜನ ಓಡಿ ಬರ್ತಾರೆ, ಕಾಲಿಗೆ ಸಿಕ್ಕಿದ್ರೆ ಲೈಟು ಹೋಗಿ ಕನ್ನಡಿಗೆ ಬೀಳ್ತದೆ. ಯಾರಾದ್ರೂ ಮೆಟ್ಟಿ ಹಿಡಿಯಬೇಕು. ಇವರು ಹಿಡಿದಿದ್ದಾರೆ. ಬೇಡ ಅಂದ್ರೆ ನೀವು ಮೆಟ್ಟಿ. ಇಲ್ಲಾ ಆ ಕೋಟಿನವನಿಗೆ ಉತ್ತರ ಹೇಳಿ."

ಅವರು ವಯರು ನೋಡಿದರು. ಕನ್ನಡಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರನ್ನು ನೋಡಿದರು. ಪುರೋಹಿತರು ಧಾರೆಗೆ ಕೂಗಿದರು. "ಸರಿ ಸರಿ, ಗಟ್ಟಿಯಾಗಿ ಮೆಟ್ಕೋಮ್ಮ" ಎಂದು ಹೇಳಿ ಹೋದರು.

ಆಕೆ ಚಪ್ಪಲಿ ಬಿಟ್ಟು ಎರಡೂ ಪಾದವನ್ನು ವಯರಿನ ಮೇಲಿಟ್ಟು ನಿಂತಳು. ಆಮೇಲೆ ಒಂದು ಹೆಜ್ಜೆಯೂ ಸರಿಯಲಿಲ್ಲ. ಕೆಲಸ ಕೊಟ್ಟರೆ ನಾವು ಮಾಡುವವರು.

ಧಾರೆ ಆಯಿತು. ವಾಲಗದವರು ಡೋಲನ್ನು ತೊಡೆಗೆ ಒತ್ತಿ ಸಿದ್ಧವಾದರು. ಗಂಡು ತಾಳಿ ಕೈಗೆತ್ತಿಕೊಂಡ. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದರು. ಡೋಲು ಹಾಲಿನ ಹಲಗೆಯನ್ನೇ ನಡುಗಿಸಿತು. ನಾನು ಮಗಳ ಕೈ ನೋಡಿದೆ. ಅವಳ ಕೈ ನನಗೆ ಏನೂ ಹೇಳುತ್ತಿರಲಿಲ್ಲ, ನನ್ನ ಪಕ್ಕಕ್ಕೆ ತೋರಿಸುತ್ತಿತ್ತು, ಹುಚ್ಚು ಹಿಡಿದವಳ ಹಾಗೆ. ತಿರುಗಿದೆ.

ಆಕೆ ವಯರು ನೋಡುತ್ತಿದ್ದಳು. ಮಗಳ ಕೊರಳಿಗೆ ತಾಳಿ ಬೀಳುತ್ತಿದೆ, ಈಕೆ ಚೀಲ ಅಪ್ಪಿಕೊಂಡು, ತಲೆ ಬಗ್ಗಿಸಿ, ಯಾರ ಕಾಲಾದರೂ ವಯರಿಗೆ ಸಿಕ್ಕೀತೆಂದು ನೆಲ ನೋಡುತ್ತಿದ್ದಾಳೆ. ಕನ್ನಡಿಯಲ್ಲಿ ಬರೀ ಬೈತಲೆ.

"ಅದು ಸುಳ್ಳು ಮಾರಾಯ್ತಿ!" ಎಂದು ಕಿರುಚಿದೆ. "ವಯರು ಸಾಯ್ಲಿ! ಮೇಲೆ ನೋಡು!"

ಡೋಲಿನ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಲೈಟಿನ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಇನ್ನೊಂದು ಕೈಯಿಂದ ಅವಳ ಗದ್ದ ಹಿಡಿದು ಮೇಲಕ್ಕೆ ಎತ್ತಿದೆ. ಲೈಟು ವಾಲಿತು. ಅಕ್ಷತೆ ಕಲ್ಲು ಬಿದ್ದ ಹಾಗೆ ಮುಖಕ್ಕೆ ಬಿತ್ತು. ಆಮೇಲೆ ಜನ ಎದ್ದು ನಿಂತರು, ಮಂಟಪವೂ ಕಾಣಲಿಲ್ಲ, ಮಗಳೂ ಕಾಣಲಿಲ್ಲ.

ಜನ ಚದುರಿದಾಗ ಆಕೆ ಇನ್ನೂ ವಯರಿನ ಮೇಲೆಯೇ ಇದ್ದಳು. "ಕಟ್ಟಿದ್ದು ನೋಡಿದೆ ಕಣ್ರೀ" ಎಂದಳು. "ಇನ್ನು ಕಾಲು ತೆಗೀಬಹುದಾ?"

ತೆಗೆಯಿರಿ ಎಂದೆ. ಚೀಲದ ಜೊತೆ ಮಹಡಿ ಹತ್ತಿ ಹೋದಳು.

ಮಗಳು ಊಟದ ಫೋಟೋ, ಆರತಿಯ ಫೋಟೋ ಎಲ್ಲ ಮುಗಿಸಿದಳು. ಆಟೋದಲ್ಲಿ ಕುಳಿತ ಮೇಲೆ ನಾನೇ ಕೇಳಿದೆ, ಬಂತಾ ಎಂದು. "ಗೊತ್ತಿಲ್ಲ. ನೀನು ಲೈಟ್ ವಾಲಿಸಿದ್ದಿ. ಸುಮಾರು ಕತ್ತಲೆಯೇ" ಎಂದಳು. "ಮನೆಗೆ ಹೋಗಿ ನೋಡ್ಲಿಕ್ಕೂ ಹೆದರಿಕೆ. ನಾಳೆ ನೋಡ್ತೇನೆ." ಆ ರಾತ್ರಿ ಆ ಹುಡುಗಿ ಎರಡು ಸಲ ಮೆಸೇಜು ಹಾಕಿದ್ದಳಂತೆ: ಅಕ್ಕ, ಫೋಟೋದಲ್ಲಿ ಅಮ್ಮ ಬಂದ್ರಾ?

ಮರುದಿನ ಬೆಳಿಗ್ಗೆ ನಾನು ಬಚ್ಚಲಲ್ಲಿ ಕುಳಿತು ಲೈಟಿನ ಕಾಲಿನ ಬಟ್ಟೆ ತೊಳೆಯುತ್ತಿದ್ದೆ. ಮಗಳು ಕರೆದಳು. ಕಂಪ್ಯೂಟರಿನಲ್ಲಿ ಒಂದೊಂದೇ ತೋರಿಸಿದಳು. ಕತ್ತಲೆ. ಕತ್ತಲೆ. ಯಾರದೋ ತೋಳು. ಒಂದರಲ್ಲಿ ಮಾತ್ರ ಬೆಳಕಿತ್ತು. ಗಂಡಿನ ಕೈ ಹುಡುಗಿಯ ಕತ್ತಿನ ಹಿಂದೆ, ಗಾಳಿಯಲ್ಲಿ ಅಕ್ಷತೆ. ಹಿಂದೆ ಕನ್ನಡಿಯಲ್ಲಿ ಆಕೆ. ಚೀಲ ಅಪ್ಪಿಕೊಂಡಿದ್ದಾಳೆ, ಬಾಯಿ ತೆರೆದಿದೆ, ಕಣ್ಣು ನೇರ ಮಗಳ ಮೇಲೆ. ಪಕ್ಕದಲ್ಲಿ ನಾನು, ಹಲ್ಲು ಕಚ್ಚಿಕೊಂಡು, ಅವಳ ಗದ್ದ ಹಿಡಿದು. ಕಳ್ಳಿಯನ್ನು ಹಿಡಿದ ಹಾಗೆ.

"ನನ್ನನ್ನು ಅಳಿಸು" ಎಂದೆ.

"ಆಗುದಿಲ್ಲ ಅಮ್ಮ. ನಿನ್ನನ್ನು ತೆಗೆದ್ರೆ ಅವರ ಗದ್ದದ ಕೆಳಗೆ ಒಂದು ಕೈ ಉಳೀತದೆ. ಕೈಯನ್ನೂ ತೆಗೆದ್ರೆ ಗದ್ದ ನಾನು ಬರೀಬೇಕು. ಅಂಟಿಸಿದ್ದು ಬೇಡ ಅಂದಿದ್ದಾಳೆ."

"ಮತ್ತೆ?"

"ಹೀಗೇ ಕಳಿಸಿದ್ರೆ ದೊಡ್ಡಪ್ಪ ನೋಡ್ತಾರೆ. ವಯರಿನ ಕಥೆ ಸುಳ್ಳು ಅಂತ ಗೊತ್ತಾಗ್ತದೆ. ಹೋಟೆಲಿನವರಿಗೂ ಹೇಳಿಯಾರು." ಅವಳ ಬೆರಳು ಕಳಿಸುವ ಬಟನ್ನಿನ ಮೇಲೆಯೇ ಇತ್ತು, ಒತ್ತುತ್ತಿರಲಿಲ್ಲ.

"ಕೇಳಿದ್ದು ದೊಡ್ಡಪ್ಪನಾ, ಹುಡುಗಿಯಾ?"

ಒದ್ದೆ ಕೈಯನ್ನು ಸೀರೆಗೆ ಒರೆಸಿ, ಅವಳ ಬೆರಳು ಸರಿಸಿ, ನಾನೇ ಒತ್ತಿದೆ. ಆಮೇಲೆ ಬಚ್ಚಲಿಗೆ ಹೋಗಿ ಬಟ್ಟೆ ಹಿಂಡಿ, ಹಗ್ಗಕ್ಕೆ ಹಾಕಿದೆ.