ನಿಂತ ವ್ಯಾಳ್ಯಾ

ತೊಂಬತ್ತರ ದಶಕದ ಮೊದಲ ವರ್ಷಗಳು. ಗೃಹವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ನಿಪ್ಪಾಣಿಯ ಒಂದು ಫ್ರಿಜ್ ಅಂಗಡಿಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಫ್ರಿಜ್ ಕೊಂಡವರ ಮನೆಗೆ ಹೋಗಿ ಅದನ್ನು ಬಳಸುವ ಕ್ರಮ ತೋರಿಸುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ಅಕ್ಕೋಳದ ಒಂದು ಜೈನ ರೈತರ ಮನೆಗೆ ಹೋದೆ. ಸೊಸೆ ಸುನಂದಾಗೆ ನನ್ನದೇ ವಯಸ್ಸು. ಅತ್ತೆ ರತ್ನವ್ವ ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಒಂದೊಂದು ತಿನಿಸಿಗೂ ಇಂತಿಷ್ಟೇ ಹೊತ್ತು ಎಂಬ ನೇಮ ಅವರದು. ಅದು ಮೀರಿದ್ದನ್ನು ಮುಟ್ಟುತ್ತಿರಲಿಲ್ಲ.

"ವ್ಯಾಳ್ಯಾ ಮೀರಿದ್ದು ನಮಗ ನಡ್ಯಾಂಗಿಲ್ಲ, ತಂಗಿ."

"ಫ್ರೀಜರಿನ್ಯಾಗ ವ್ಯಾಳ್ಯಾನ ನಿಲ್ತೈತ್ರಿ ಅಜ್ಜಿ. ಕಲ್ಲಿನಂಗ ಗಟ್ಟಿ ಇದ್ರ ಅಂಜೂದು ಬ್ಯಾಡ," ಎಂದೆ.

ಅವರು ಫ್ರಿಜ್ಜನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಕರೆಂಟ್ ಹೋದ್ರ ನಿಂತ ವ್ಯಾಳ್ಯಾ ಮತ್ತ ಸುರು ಆಕೈತೇನ ಹಂಗಾರ?"

"ಅತ್ಯಾರು ಇದನ್ನ ಗಡಿಯಾರ ಅಂತ ತಿಳಕೊಂಡಾರ್ರೀ ಬಾಯಾರ!" ಎಂದು ಸುನಂದಾ ನನ್ನತ್ತ ತಿರುಗಿ ನಕ್ಕಳು. ಫ್ರಿಜ್ ನೋಡಲು ಬಂದಿದ್ದ ನೆರೆಯ ಹೆಂಗಸರು ನಕ್ಕರು. ನಾನೂ ನಕ್ಕೆ. ಉತ್ತರ ಕೊಡಲಿಲ್ಲ.

ಕೆಲವು ವಾರಗಳ ನಂತರ ರತ್ನವ್ವನ ಬಸುರಿ ಮಗಳ ಕುಬಸವಿತ್ತು. ಆ ಸಮಾರಂಭಕ್ಕೆಂದು ಸುನಂದಾ ಮನೆಯ ಎಮ್ಮೆ ಹಾಲಿನ ಖವಾ ಮಾಡಿ ಫ್ರೀಜರಿನಲ್ಲಿಟ್ಟಳು. ಅಷ್ಟರಲ್ಲಿ ಗಾಳಿಮಳೆಗೆ ಕಂಬಗಳು ಬಿದ್ದು ಊರಿಗೆ ಎರಡು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮರುದಿನ ಅವಳು ಖವಾವನ್ನು ಬೆರಳಗೆಣ್ಣಿನಿಂದ ಬಡಿದು ನೋಡಿದಳು. ಕಲ್ಲಿನಂತಿತ್ತು. ವಾಸನೆಯೂ ಕೆಟ್ಟಿರಲಿಲ್ಲ. ಪೇಢೆ ಮಾಡಿದಳು.

"ಗಟ್ಟಿ ಇತ್ರಿ ಅತ್ಯಾರ. ಬಾಯಾರು ಹೇಳ್ಯಾರಲ್ಲ," ಎಂದಳಂತೆ.

ರತ್ನವ್ವ ನೇಮ ಬದಿಗಿಟ್ಟು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರಂತೆ. "ತಡಿ, ಮೊದಲ ನಾ ತಿಂದು ನೋಡ್ತೀನಿ. ಬಸುರಿ ಹುಡುಗಿ ಆಮ್ಯಾಲ ತಿನ್ನಲಿ."

ಮಧ್ಯಾಹ್ನದ ಹೊತ್ತಿಗೆ ಅವರಿಗೆ ವಾಂತಿ ಶುರುವಾಯಿತು. ಪೇಢೆಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ರತ್ನವ್ವ ಆಸ್ಪತ್ರೆಯಲ್ಲಿ ತೀರಿಕೊಂಡರು. ವಾಂತಿಭೇದಿಯ ನಿತ್ರಾಣವನ್ನು ಅವರ ಹೃದಯ ತಡೆದುಕೊಳ್ಳಲಿಲ್ಲ ಎಂದರು ಡಾಕ್ಟರು.

ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಖವಾ ಕರಗಿದಾಗ ಅವು ಎದ್ದು ಬೆಳೆಯುತ್ತವೆ. ಕೆಲವು ಬಿಡುವ ವಿಷ ಮತ್ತೆ ಗಟ್ಟಿಯಾದರೂ ಹೋಗದು, ಕಾಯಿಸಿದರೂ ಹೋಗದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆಯ ಅಂಕ ಪಡೆದವಳು ನಾನು.

ಸುದ್ದಿ ತಿಳಿದು ಅಕ್ಕೋಳಕ್ಕೆ ಹೋದೆ. ಪಡಸಾಲೆಯಲ್ಲಿ ಕುಳಿತ ಬಂಧುಗಳು ಸೊಸೆ ಹಳಸಿದ್ದು ತಿನ್ನಿಸಿದಳು ಎಂದು ಅವಳಿಗೆ ಕೇಳಿಸುವಂತೆಯೇ ಆಡುತ್ತಿದ್ದರು. "ತಪ್ಪು ಆಕೀದಲ್ರಿ. ನಾನ ಅರ್ಧ ಹೇಳಿ ಹೋಗಿದ್ದೆ," ಎಂದೆ.

ಸುನಂದಾ ಬಾಗಿಲವರೆಗೆ ಬಂದಳು. "ಎಲ್ಲಾ ನಿಮ್ಮ ಮ್ಯಾಲ ಹಾಕೋಬ್ಯಾಡ್ರಿ ಬಾಯಾರ. ಅತ್ಯಾರು ಕೇಳಿದ್ದು ಖರೇನ ಇತ್ತು. ಮೊದಲ ನಕ್ಕಾಕಿ ನಾ."

ಆಮೇಲೆ ಹೋದ ಪ್ರತಿ ಮನೆಯಲ್ಲೂ ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿ ಗಟ್ಟಿಮಾಡಿಸಿ, ಮೇಲೆ ಒಂದು ನಾಣ್ಯ ಇಡಿಸುತ್ತಿದ್ದೆ. ನಾಣ್ಯ ತಳಕ್ಕಿಳಿದಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ; ಒಳಗಿರುವುದನ್ನು ಚೆಲ್ಲಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಈಗಲೂ ಯಾರಾದರೂ ಪ್ರಶ್ನೆ ಕೇಳಿದಾಗ ಉಳಿದವರು ನಗುವುದುಂಟು. ಆಗ ನಾನು ಆ ನಗು ನಿಲ್ಲುವವರೆಗೆ ಕಾಯುತ್ತೇನೆ. ಕೇಳಿದವರ ಮುಖ ನೋಡಿ ಉತ್ತರ ಹೇಳುತ್ತೇನೆ.