ನಾನು ಕಲ್ಪಿಸಿದ ಮಾಬುಬಿ ಬಾಗಿಲಿಗೆ ಬಂದಳು

"ನಾನ ರೀ ಮಾಬುಬಿ, ಬಾದನಹಟ್ಟಿಯಾಕಿ" ಎಂದು ಬಾಗಿಲಲ್ಲಿ ನಿಂತ ಮುದುಕಿ ಕೆಮ್ಮುತ್ತ ಹೇಳಿದಾಗ ನಂಬಲಾಗಲಿಲ್ಲ. ಏಕೆಂದರೆ ಮಾಬುಬಿಯನ್ನು ಹುಟ್ಟಿಸಿದ್ದೇ ನಾನು.

ಅದಿರಿನ ಲಾರಿಗಳು ಬಳ್ಳಾರಿಯನ್ನೆಲ್ಲ ಕೆಂಪು ಮಾಡಿದ್ದ ಕಾಲ. ಪಾರ್ವತಿನಗರದ ಮನೆಯಲ್ಲಿ ಕೂತು ಹೊಸದಾಗಿ ಬ್ಲಾಗ್ ಶುರು ಮಾಡಿದ್ದೆ. ಯಾವುದಾದರೂ ವಸ್ತುವನ್ನು ಹೊಗಳಿ ಬರೆದು ಕೆಳಗೆ ಲಿಂಕ್ ಹಾಕುವುದು. ಅದನ್ನು ಒತ್ತಿ ಯಾರಾದರೂ ಕೊಂಡರೆ ನನಗೆ ಕಮಿಷನ್. ಆವಿ ತೆಗೆದುಕೊಳ್ಳುವ ಯಂತ್ರವೊಂದರ ಬಗ್ಗೆ ಬರೆಯಬೇಕಿತ್ತು. ನಾನು ಅದನ್ನು ಕಣ್ಣಿಂದಲೂ ನೋಡಿರಲಿಲ್ಲ. ಓದುಗರು ನಂಬಲೆಂದು ಬಾದನಹಟ್ಟಿಯ ಮಾಬುಬಿ ಎಂಬ ಮುದುಕಿಯನ್ನು ಕಲ್ಪಿಸಿದೆ. ಆಕೆಯ ಕನ್ನಡಕಕ್ಕೆ ಒಂದು ಕಡೆ ಕಡ್ಡಿಯ ಬದಲು ದಾರ ಕಟ್ಟಿದೆ. ಧೂಳಿನ ಕೆಮ್ಮು ಕೊಟ್ಟೆ, ಮೂರೇ ದಿನದಲ್ಲಿ ವಾಸಿಯೂ ಮಾಡಿದೆ.

ಎದುರಿಗೆ ನಿಂತವಳ ಕನ್ನಡಕಕ್ಕೂ ಒಂದೇ ಕಡೆ ದಾರವಿತ್ತು. ಕೈಚೀಲದಲ್ಲಿ ಅದೇ ಯಂತ್ರ.

"ನಮ್ಮ ಅಳಿಯ ಇಂಟರ್ನೆಟ್ ಸೆಂಟರ್‌ನ್ಯಾಗ ಓದಿ ಇದನ್ನ ತರಿಸ್ಯಾನ್ರಿ. ನನ್ನ ಎಲ್ಲಿ ನೋಡಿದ್ರಿ ಅಂತ ಕೇಳಾಕ ಬಂದಿಲ್ರಿ. ಮೂರು ದಿನಕ್ಕ ನನ್ನ ಕೆಮ್ಮು ಹೋತು ಅಂತ ಬರದೀರಂತ. ಇವತ್ತಿಗೆ ಒಂಬತ್ತು ದಿನ ಆತು. ಯಾವಾಗ ಹೋಗತೈತ್ರಿ?"

ನಿಜ ಹೇಳುವ ಧೈರ್ಯ ಬರಲಿಲ್ಲ, ಒಳಗಿಂದ ನೀರು ತಂದುಕೊಟ್ಟೆ. ಆಕೆ ನೀರು ಕುಡಿದು, ಕಾಯುತ್ತೇನೆ ಎಂಬಂತೆ ತಲೆಯಾಡಿಸಿ ಹೋದಳು.

ಅವತ್ತೇ ಆ ಬರಹವನ್ನು ಅಳಿಸಲು ಕೂತೆ. ಬಟನ್ ಒತ್ತುವ ಮೊದಲು ಅದನ್ನು ಇನ್ನೊಮ್ಮೆ ಓದಿದೆ. ಮಾಬುಬಿಯ ಕೆಮ್ಮು ವಾಸಿಯಾಗಿದ್ದುದು ಅಲ್ಲೊಂದೇ ಕಡೆ.