ಸೋಪಿನ ವಾಸನೆಯ ಕರು

ಅಕ್ಕನ ಮಗುವಿನ ಹಾಲಿನ ಬಾಟಲಿಯನ್ನು ಕುದಿಯುವ ನೀರಿಗೆ ಹಾಕಿದಾಗ ಏಳುವ ರಬ್ಬರಿನ ವಾಸನೆ ಈಗಲೂ ನನ್ನನ್ನು ಬೇತಮಂಗಲದ ರಸ್ತೆ ಬದಿಯ ಅಜ್ಜಿಮನೆಯ ಕೊಟ್ಟಿಗೆಗೆ ಒಯ್ಯುತ್ತದೆ. ಆ ಕೊಟ್ಟಿಗೆ ಈಗಿಲ್ಲ, ಅಜ್ಜಿಯೂ ಇಲ್ಲ. ಹೆಂಚಿನ ಸಂದಿಯಿಂದ ಇಳಿಯುತ್ತಿದ್ದ ಬೆಳಕಿನ ಕೋಲುಗಳು, ಅವುಗಳಲ್ಲಿ ನಿಧಾನವಾಗಿ ತೇಲುತ್ತಿದ್ದ ಹುಲ್ಲಿನ ಧೂಳು, ನೆನೆದ ಬೂಸಾದ ಸಿಹಿಹುಳಿ ಮಾತ್ರ ಎಲ್ಲೋ ಹಾಗೇ ಉಳಿದಿವೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಹಸು ಕೆಂಪಿ ಅವಳಿ ಹಾಕಿತು. ಎರಡೂ ಹೆಣ್ಣುಗರು. ಮೊದಲನೆಯದನ್ನು ನೆಕ್ಕಿ ನೆಕ್ಕಿ ಒಣಗಿಸಿತು, ಎರಡನೆಯದರ ಕಡೆ ತಿರುಗಲೇ ಇಲ್ಲ. ಅಜ್ಜಿ ಗಿಣ್ಣುಹಾಲು ಕರೆದು, ಬೆರಳು ಅದ್ದಿ ಆ ಎರಡನೆಯ ಕರುವಿಗೆ ಚೀಪಿಸಿದಳು. ಆಮೇಲೆ ಅದರ ಬೆನ್ನಿಗೆ ಬೂಸಾ, ಉಪ್ಪು ಸವರಿ ತಾಯಿಯ ಮೂತಿಯ ಹತ್ತಿರ ಕಟ್ಟಿದಳು. ಉಪ್ಪಿನ ಆಸೆಗೆ ನೆಕ್ಕಿದರೂ ಸಾಕು, ನೆಕ್ಕಿದ ಕರುವನ್ನು ಹಸು ದೂರ ಮಾಡುವುದಿಲ್ಲ ಎಂದು ಅವಳ ನಂಬಿಕೆ.

ಚಿನ್ನದ ಗಣಿಯವರ ಕಾಲೊನಿ ಮೈಸೂರು ಮೈನ್ಸ್‌ನಿಂದ ಹಾಲಿಗೆ ಬರುತ್ತಿದ್ದ ಸೆಲ್ವಿ ಅಕ್ಕ ಇಣುಕಿ ನೋಡಿ, “ಅಯ್ಯೋ ಪಾವಂ, ಒಣಗೋಗೈತೆ. ಬಾಟ್ಲು ಕೊಟ್ಬುಡಿ ಅಜ್ಜಿ” ಎಂದಳು.

“ಬಾಟ್ಲು ಕೊಟ್ರೆ ನಿನ್ ಪಾಲಿನ ಆಲೇ ಓಗೋದು, ಗೊತ್ತಾ? ಒಂದ್ಸಲ ಬಾಟ್ಲು ಇಡೀತು ಅಂದ್ರೆ ಅವ್ವನ್ನ ಬುಟ್ಟಂಗೆ. ಬಾಯಿ ಇನ್ನೂ ಬೆಚ್ಗೈತೆ, ಬೆರಳು ಚೀಪ್ತೈತೆ, ಜೀವಕ್ಕೇನ್ ಬಯ ಇಲ್ಲ. ನಾಳೆಗಂಟ ನೋಡಾಣ.”

ಆ ಸಂಜೆ ಕೆಂಪಿ ಎರಡು ಸಲ ಆ ಬೆನ್ನು ನೆಕ್ಕಿತು. ಅಜ್ಜಿ ಉಸಿರು ಬಿಗಿಹಿಡಿದು ನನ್ನ ಕೈ ಒತ್ತಿದ್ದು ಇನ್ನೂ ನೆನಪಿದೆ.

ಮರುದಿನ ಅವಳು ಹುಲ್ಲಿಗೆ ಹೋಗಿದ್ದಾಗ, ಬೂಸಾ ಮೆತ್ತಿಕೊಂಡು ನಿಂತಿದ್ದ ಕರುವನ್ನು ನೋಡಿ ನನಗೆ ಪಾಪ ಅನ್ನಿಸಿತು. ಬಿಸಿನೀರು ಕಾಯಿಸಿ, ನನ್ನ ಸೋಪು ಹಚ್ಚಿ ಮೀಯಿಸಿದೆ. ಟವೆಲಿನಲ್ಲಿ ಒರೆಸಿದೆ. ಹೊಸ ಹಿತ್ತಾಳೆಯ ಹಾಗೆ ಹೊಳೆಯಿತು. ಅದು ಕೆಚ್ಚಲಿನ ಹತ್ತಿರ ಹೋಯಿತು. ಕೆಂಪಿ ಮೂಸಿತು, ಬುಸ್ಸೆಂದು ಒದೆಯಿತು. ಕರು ಎದ್ದು ಮತ್ತೆ ಹೋಯಿತು. ಕೆಂಪಿ ಮತ್ತೆ ಒದೆಯಿತು.

ಅಜ್ಜಿ ಹುಲ್ಲಿನ ಹೊರೆ ಇಳಿಸಿ ಕರುವಿನ ಕತ್ತು ಮೂಸಿದಳು. “ಉಪ್ಪೂ ಓಯ್ತು, ಅದ್ರ ವಾಸ್ನೇನೂ ಓಯ್ತು ಕಣ್ಲೇ.” ಬೈಯಲಿಲ್ಲ. ಮತ್ತೆ ಉಪ್ಪು ಸವರಿದಳು, ಕೆಂಪಿ ಮುಖ ತಿರುಗಿಸಿತು. ಹೊತ್ತು ಇಳಿಯುವಾಗ ಅವಳು ನನ್ನ ಬೆರಳನ್ನೇ ಕರುವಿನ ಬಾಯೊಳಗೆ ಇಡಿಸಿದಳು.

“ಎಂಗೈತೆ?”

“ತಣ್ಣಗೈತೆ.”

“ಅಂಗಾದ್ರೆ ಇನ್ ಕಾಯಂಗಿಲ್ಲ. ಇನ್ಮ್ಯಾಕೆ ನೀನೇ ಇದ್ರವ್ವ.”

ಸಂಜೆಯ ಹಾಲಿಗೆ ಬಂದಿದ್ದ ಸೆಲ್ವಿ ಅಕ್ಕ ಆಗಲೇ ಹೋಗಿ ಆಂಡರ್ಸನ್‌ಪೇಟೆಯಿಂದ ರಬ್ಬರಿನ ನಿಪ್ಪಲ್ ತಂದುಕೊಟ್ಟಳು.

ಕರು ಬದುಕಿತು. ನನ್ನ ಲಂಗ ಚೀಪುತ್ತ ಬಸ್‌ಸ್ಟಾಪಿನವರೆಗೂ ಬರುತ್ತಿತ್ತು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಪ್ರತಿ ಸಂಜೆ, ಆ ಬೆಳಕಿನ ಕೋಲುಗಳು ಗೋಡೆ ಹತ್ತುವ ಹೊತ್ತಿಗೆ ನಾನು ಬಾಟಲಿ ಹಿಡಿದು ಕೂತಾಗ, ಆಚೆ ಕಡೆ ಕೆಂಪಿ ಇನ್ನೊಂದು ಕರುವನ್ನು ನೆಕ್ಕುತ್ತ ನಿಂತಿರುತ್ತಿತ್ತು. ಹಾಲು ಮುಗಿದ ಮೇಲೂ ನನ್ನ ಕರು ಬೆರಳು ಬಿಡುತ್ತಿರಲಿಲ್ಲ. ಕಣ್ಣು ಮಾತ್ರ ಆ ಕಡೆಗೇ ಇರುತ್ತಿತ್ತು.